ಕೊಟ್ಟ ವಸ್ತು ವಾಪಸ್ ಬರದಿದ್ದಾಗ: ದಾವಣಗೆರೆಯ ಹೊಲಿಗೆಯವಳೊಬ್ಬಳು ಕಲಿತ ಕಾನೂನಿನ ದಾರಿ

ನನ್ನ ಓವರ್‌ಲಾಕ್ ಮಷೀನು, ಅಂದರೆ ಬಟ್ಟೆಯ ಅಂಚು ಹೊಲಿಯುವ ಮಷೀನು, 14 ತಿಂಗಳು ಬೇರೆಯವರ ಅಂಗಡಿಯಲ್ಲಿತ್ತು. ದುಗ್ಗಮ್ಮನ ಜಾತ್ರೆ ಹತ್ತಿರ ಬಂದಿತ್ತು. ಪರಿಚಯದ ಹೆಣ್ಣುಮಗಳು ಬಂದು, "ಅಕ್ಕಾ, ಹದಿನೈದು ದಿನ ಕೊಡ್ರಿ, ಜಾತ್ರೆ ಬಟ್ಟೆ ಮುಗಿದ ತಕ್ಷಣ ತಂದು ಇಡ್ತೀನಿ" ಅಂದಳು. ಜಾತ್ರೆ ಬಂತೆಂದರೆ ದಾವಣಗೆರೆಯ ಹೊಲಿಗೆಯವರಿಗೆ ರಾತ್ರಿ ಹಗಲು ಒಂದೇ. ಅವಳ ಕಷ್ಟ ನನಗೆ ಗೊತ್ತಿತ್ತು, ಕೊಟ್ಟೆ. ಜಾತ್ರೆ ಮುಗಿಯಿತು, ಯುಗಾದಿ ಬಂತು, ದಸರಾ ಹೋಯಿತು. ಮೊದಮೊದಲು "ನಾಳೆ ಕಳಿಸ್ತೀನಿ ಬಿಡ್ರಿ ಅಕ್ಕ" ಅನ್ನುತ್ತಿದ್ದವಳು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟಳು. ಕೊನೆಗೊಂದು ದಿನ ಅಂಗಡಿಗೆ ಹೋದೆ. "ಅದು ನೀವು ನನಗೆ ಮಾರಿದ್ದಲ್ವಾ?" ಎಂದು ನನ್ನ ಮುಖ ನೋಡಿಕೊಂಡೇ ಕೇಳಿದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಷೀನಿಗಿಂತ ಆ ಮಾತು ಜಾಸ್ತಿ ಸುಟ್ಟಿತು. ಆದರೆ ಮಷೀನು ವಾಪಸ್ ಬಂತು. ಜಗಳ ಆಡಲಿಲ್ಲ, ವಕೀಲರಿಗೆ ಒಂದು ರೂಪಾಯಿ ಫೀಸ್ ಕೊಡಲಿಲ್ಲ. ಆಮೇಲೆ ಓಣಿಯವರು, ಗಿರಾಕಿಗಳು, ನೆಂಟರು ಒಬ್ಬೊಬ್ಬರಾಗಿ ಬಂದು ಕೇಳತೊಡಗಿದರು. ಒಬ್ಬರದು ಪಂಪ್‌ಸೆಟ್ ಮೋಟಾರು, ಒಬ್ಬರದು ಕ್ಯಾಮೆರಾ, ಇನ್ನೊಬ್ಬರದು ಅಜ್ಜಿಯ ಸರ. ಎಲ್ಲರಿಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಆದರೆ ಈ ದಾರಿಯಲ್ಲಿ ನಡೆದಿದ್ದೇನೆ, ನಡೆಯುವಾಗ ಕೇಳಿ ಓದಿ ತಿಳಿದುಕೊಂಡಿದ್ದೇನೆ.

ಸಣ್ಣ ವ್ಯಾಜ್ಯದ ಕೋರ್ಟ್ ಎಲ್ಲಿದೆ?

ಯೂಟ್ಯೂಬಿನಲ್ಲಿ ಅಮೆರಿಕದ ವಿಡಿಯೊ ನೋಡಿದವರು "ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹಾಕಿಬಿಡಿ" ಎನ್ನುತ್ತಾರೆ. ಅಲ್ಲಿ ಒಂದು ಫಾರಂ ತುಂಬಿ, ಸಣ್ಣ ಶುಲ್ಕ ಕಟ್ಟಿ, ವಕೀಲರಿಲ್ಲದೆ ಜಡ್ಜ್ ಮುಂದೆ ನಿಲ್ಲಬಹುದು. ನಮ್ಮಲ್ಲಿ ಅದೇ ರೀತಿಯ ಕೋರ್ಟ್ ಇಲ್ಲ. ಕರ್ನಾಟಕದಲ್ಲಿ 1964ರ ಲಘು ವ್ಯವಹಾರಗಳ ನ್ಯಾಯಾಲಯ ಕಾಯ್ದೆ ಇದೆ, ಜನರ ಬಾಯಲ್ಲಿ ಅದು ಸ್ಮಾಲ್ ಕಾಸಸ್ ಕೋರ್ಟ್. ಬೆಂಗಳೂರಿನಲ್ಲಿ ಅದಕ್ಕೆ ಪ್ರತ್ಯೇಕ ನ್ಯಾಯಾಲಯವೇ ಇದೆ. ನಮ್ಮಂಥ ಜಿಲ್ಲೆಗಳಲ್ಲಿ ಸಾಮಾನ್ಯ ಜನ ಮುಟ್ಟುವುದು ಎರಡು ಬಾಗಿಲು. ಒಂದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಅದರ ಲೋಕ ಅದಾಲತ್. ಇನ್ನೊಂದು, ಸಿವಿಲ್ ನ್ಯಾಯಾಧೀಶರ ಮುಂದೆ ಹಾಕುವ ದಾವೆ. ಸಣ್ಣ ಕೋರ್ಟಿನಿಂದ ನಾವು ಬಯಸುವುದು ಕಡಿಮೆ ಖರ್ಚು, ಬೇಗ ತೀರ್ಮಾನ, ಸರಳ ಭಾಷೆ. ಅದು ಬಹುಮಟ್ಟಿಗೆ ಮೊದಲ ಬಾಗಿಲಲ್ಲೇ ಸಿಗುತ್ತದೆ.

ಆದರೆ ಯಾವ ಬಾಗಿಲಿಗೆ ಹೋಗುವ ಮುಂಚೆಯೂ ಮನೆಯಲ್ಲಿ ಕೂತು ಮಾಡುವ ಕೆಲಸವಿದೆ. ಅದನ್ನು ಬಿಟ್ಟು ಓಡಿದವರೇ ಜಾಸ್ತಿ ಸುತ್ತುತ್ತಾರೆ.

ವಸ್ತುವೇ ಬೇಕಾ, ಅದರ ಬೆಲೆ ಸಾಕಾ?

ಮೊದಲು ಇದನ್ನು ನಿಮ್ಮೊಳಗೇ ತೀರ್ಮಾನ ಮಾಡಿಕೊಳ್ಳಿ. ಸಾಲ ವಸೂಲಿಯೇ ಬೇರೆ, ವಸ್ತು ವಾಪಸ್ ಪಡೆಯುವುದೇ ಬೇರೆ. ಸಾಲದಲ್ಲಿ ಯಾವ ನೋಟು ಬಂದರೂ ಆಯಿತು. ವಸ್ತುವಿನಲ್ಲಿ ಅದೇ ವಸ್ತು ಬರಬೇಕು, ಮುರಿಯದೆ ಬರಬೇಕು.

ಎಲ್ಲಿ ಬೇಕಾದರೂ ಸಿಗುವ ವಸ್ತುವಾದರೆ, "ಬೆಲೆ ಕೊಡಿಸಿದರೆ ಸಾಲದೇ?" ಎಂಬ ಪ್ರಶ್ನೆ ಕೋರ್ಟಿನಲ್ಲಿ ಏಳಬಹುದು. ಅಜ್ಜಿಯ ಕಾಸಿನ ಸರ, ಮನೆದೇವರ ಬೆಳ್ಳಿ ಮುಖವಾಡ, ಅಪ್ಪನ ಕೈಬರಹದ ಲೆಕ್ಕದ ಪುಸ್ತಕ ಇಂಥವಕ್ಕೆ ದುಡ್ಡು ಸಮನಾಗುವುದಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 7 ಮತ್ತು 8ನೇ ಕಲಂಗಳು ಇದಕ್ಕಾಗಿಯೇ ಇವೆ. ದುಡ್ಡು ಸರಿಯಾದ ಪರಿಹಾರವಲ್ಲದಿದ್ದರೆ, ಅಥವಾ ನಷ್ಟವನ್ನು ಅಳೆಯುವುದೇ ಕಷ್ಟವಾದರೆ, ಅದೇ ವಸ್ತುವನ್ನು ಒಪ್ಪಿಸು ಎಂದು ಕೇಳಬಹುದು. ನಿಮ್ಮ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಂಡವರು ಕೊಡದಿದ್ದರೂ ಕೇಳಬಹುದು. ನಿಮ್ಮ ಕೈಯಿಂದ ವಸ್ತು ಅನ್ಯಾಯವಾಗಿ ಹೋಗಿದ್ದರೂ ಅಷ್ಟೇ.

ನನಗೆ ಮಷೀನೇ ಬೇಕಿತ್ತು. ಹೊಸದಕ್ಕೆ ದುಡ್ಡು ಹೊಂದಿಸಲು ನನಗೆ ಆಗುತ್ತಿರಲಿಲ್ಲ, ಅವಳು ಅಷ್ಟು ಕೊಡುವವಳೂ ಅಲ್ಲ. ಆದರೂ ಅರ್ಜಿಯಲ್ಲಿ ಎರಡನ್ನೂ ಬರೆದೆ: ಮಷೀನು ಕೊಡಿಸಿ, ಕೊಡಲಾಗದಿದ್ದರೆ ಇಷ್ಟು ಬೆಲೆ ಕೊಡಿಸಿ. ನೀವೂ ಹಾಗೇ ಬರೆಯಿರಿ. ವಸ್ತು ಒಪ್ಪಿಸಲು ಡಿಕ್ರಿ (ಕೋರ್ಟಿನ ತೀರ್ಪಿನ ಆದೇಶ) ಕೊಡುವಾಗ, ಅದು ಸಿಗದಿದ್ದರೆ ಎಷ್ಟು ಹಣ ಕೊಡಬೇಕು ಎಂದು ಕೋರ್ಟ್ ಕೂಡ ನಮೂದಿಸಬೇಕೆಂಬ ನಿಯಮವಿದೆ. ಬೆಲೆಯನ್ನು ಹೊಸದರ ದರದಲ್ಲಿ ಹಾಕಬೇಡಿ, ಇವತ್ತು ಮಾರಿದರೆ ಎಷ್ಟು ಬರುತ್ತದೋ ಅಷ್ಟು ಹಾಕಿ. ನಾನು ಮಂಡಿಪೇಟೆ ಕಡೆ ಎರಡು ಅಂಗಡಿಗಳಲ್ಲಿ ಹಳೇ ಮಷೀನಿನ ರೇಟು ಕೇಳಿ, ಒಂದು ಚೀಟಿಯಲ್ಲಿ ಬರೆಸಿಕೊಂಡು ಬಂದೆ. ಆ ಚೀಟಿ ಮುಂದೆ ತುಂಬಾ ಕೆಲಸಕ್ಕೆ ಬಂತು.

"ನನ್ನದು" ಅನ್ನುವುದನ್ನು ತೋರಿಸುವುದು

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ವಸ್ತುವಿನ ಹೆಸರು, ಕಂಪನಿ, ಬಣ್ಣ, ಸೀರಿಯಲ್ ನಂಬರ್, ಎಲ್ಲಾದರೂ ಗೀರು ಇದ್ದರೆ ಅದು, ಬೆಸುಗೆ ಹಾಕಿಸಿದ್ದರೆ ಅದು, ಎಲ್ಲ ಬರೆಯಿರಿ. ನನ್ನ ಮಷೀನಿನ ಮೇಜಿನ ಕೆಳಗೆ ಮಗಳು ಚಿಕ್ಕವಳಿದ್ದಾಗ ಸ್ಕೆಚ್ ಪೆನ್ನಿನಲ್ಲಿ ಬರೆದ ಹೂವೊಂದಿತ್ತು. "ಮಾರಿದ್ದು" ಎಂಬ ಮಾತಿಗೆ ಅದು ಉತ್ತರವಲ್ಲ, ನಿಜ. ಆದರೆ "ಇದು ಆ ಮಷೀನೇ ಅಲ್ಲ" ಎಂಬ ಮಾತು ಅಲ್ಲೇ ಬಿತ್ತು.

ಬಿಲ್ಲು ಇದ್ದರೆ ಬಂಗಾರ. ಇಲ್ಲದಿದ್ದರೆ ಕೊಂಡ ಅಂಗಡಿಗೆ ಹೋಗಿ ಕೇಳಿ, ಎಷ್ಟೋ ಕಡೆ ಹಳೇ ಬಿಲ್ ಪುಸ್ತಕ ಇಟ್ಟಿರುತ್ತಾರೆ. ಕಂತಿನಲ್ಲಿ ಕೊಂಡಿದ್ದರೆ ಬ್ಯಾಂಕ್ ಪಾಸ್‌ಬುಕ್, ಸಂಘದ ಸಾಲದಲ್ಲಿ ಕೊಂಡಿದ್ದರೆ ಸಂಘದ ಪುಸ್ತಕ. ರಿಪೇರಿ ಮಾಡಿಸಿದ ಚೀಟಿ. ಮನೆಯ ಫೋಟೊಗಳಲ್ಲಿ ಹಿಂದೆ ಆ ವಸ್ತು ಕಂಡರೂ ಸಾಕ್ಷಿಯೇ. ಕೊಡುವಾಗ ನೋಡಿದವರು ಯಾರು, ಯಾರ ಆಟೊದಲ್ಲಿ ಹೋಯಿತು, ಅದನ್ನೂ ಬರೆದಿಡಿ.

ವಾಟ್ಸ್‌ಆ್ಯಪ್ ಮಾತುಕತೆ ಬಹಳ ಮುಖ್ಯ. "ಮುಂದಿನ ವಾರ ವಾಪಸ್ ಕೊಡ್ತೀನಿ ಅಕ್ಕ" ಎಂಬ ಒಂದು ಸಾಲು ನನ್ನ ಇಡೀ ಕೇಸಿಗೆ ಆಧಾರವಾಗಿ ನಿಂತಿತು. ಕೊಂಡುಕೊಂಡ ವಸ್ತುವನ್ನು ವಾಪಸ್ ಕೊಡುತ್ತೇನೆ ಎಂದು ಯಾರೂ ಹೇಳುವುದಿಲ್ಲವಲ್ಲ! ಇಂಥ ಸಂದೇಶವನ್ನು ಅಳಿಸಬೇಡಿ, ಫೋನ್ ಬದಲಿಸಿದರೂ ಹಳೇ ಫೋನ್ ಇಟ್ಟುಕೊಳ್ಳಿ. ಸುಮ್ನೆ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಕೊಟ್ಟರೆ ಕೋರ್ಟಿನಲ್ಲಿ ಸಾಲುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಪ್ರಮಾಣಪತ್ರ ಕೊಡಬೇಕು. ವಕೀಲರಿಗೆ ಹೇಳಿದರೆ ಅದನ್ನು ತಯಾರು ಮಾಡುತ್ತಾರೆ.

ಕಾಗದದ ಮೇಲೆ ಕೇಳಿ

ನಾನು ತಿಂಗಳುಗಟ್ಟಲೆ ಬಾಯಲ್ಲಿ ಕೇಳಿದೆ. ಅದಕ್ಕೆ ಒಂದು ಚೂರೂ ದಾಖಲೆ ಇರಲಿಲ್ಲ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀವು ಕೇಳಿದ್ದು, ಅವರು ಕೊಡದೇ ಹೋದದ್ದು, ಎರಡೂ ಬರಹದಲ್ಲಿ ಇರಬೇಕು.

ಇದಕ್ಕೆ ಕಾನೂನಿನ ಕಾರಣವೂ ಇದೆ. ಪುಕ್ಕಟೆಯಾಗಿ ಬಳಸಲು ಕೊಟ್ಟ ವಸ್ತುವನ್ನು ಕೊಟ್ಟವರು ಕೇಳಿದಾಗ ಹಿಂದಿರುಗಿಸಬೇಕು. ಅವಧಿ ಹೇಳಿ ಕೊಟ್ಟಿದ್ದರೆ, ಅವಧಿ ಮುಗಿದ ಮೇಲೆ ಕೇಳದೆಯೇ ಹಿಂದಿರುಗಿಸಬೇಕು. 1872ರ ಕರಾರು ಕಾಯ್ದೆ ಹೇಳುವುದು ಇದನ್ನೇ. ಕೊಡಬೇಕಾದ ದಿನ ಕೊಡದೆ ಇಟ್ಟುಕೊಂಡರೆ, ಆಮೇಲೆ ವಸ್ತು ಕೆಟ್ಟರೂ ಕಳೆದರೂ ಅವರೇ ಹೊಣೆ. ಜೊತೆಗೆ ಕಾಲಮಿತಿ ಇದೆ. ಇಂಥ ದಾವೆಗೆ ಸಾಮಾನ್ಯವಾಗಿ 3 ವರ್ಷ. ಎಣಿಕೆ ಶುರುವಾಗುವ ದಿನ ಸಂದರ್ಭಕ್ಕೆ ತಕ್ಕಂತೆ ಬೇರೆ. ಇಟ್ಟುಕೊಳ್ಳಲು ಕೊಟ್ಟ ಅಥವಾ ಅಡವಿಟ್ಟ ವಸ್ತುವಾದರೆ, ನೀವು ಕೇಳಿ ಅವರು ಇಲ್ಲ ಎಂದ ದಿನದಿಂದ. ಕಳುವಾದದ್ದು ಅಥವಾ ಮೋಸದಿಂದ ಹೋದದ್ದಾದರೆ, ಅದು ಯಾರ ಬಳಿ ಇದೆ ಎಂದು ನಿಮಗೆ ಮೊದಲು ಗೊತ್ತಾದ ದಿನದಿಂದ. ಈ ಲೆಕ್ಕದಲ್ಲಿ ಸಂಶಯ ಇದ್ದರೆ ಬೇಗನೆ ಹೆಜ್ಜೆ ಇಡಿ, ಕೊನೆಯ ತಿಂಗಳವರೆಗೆ ಕಾಯಬೇಡಿ.

ನೋಟಿಸನ್ನು ವಕೀಲರೇ ಕೊಡಬೇಕೆಂದಿಲ್ಲ. ನಾನು ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

"ಇವರಿಗೆ, (ಪೂರ್ತಿ ಹೆಸರು, ಮನೆಯ ವಿಳಾಸ, ಅಂಗಡಿಯ ವಿಳಾಸ). ಇಂಥ ತಾರೀಖಿನಂದು ನನ್ನ ಮಾಲೀಕತ್ವದ ಓವರ್‌ಲಾಕ್ ಮಷೀನನ್ನು, ಸೀರಿಯಲ್ ನಂಬರ್ ಇಷ್ಟು, ಮೋಟಾರು ಮತ್ತು ಮೇಜಿನ ಸಮೇತ, 15 ದಿನಗಳ ಬಳಕೆಗೆಂದು ಹಣ ಪಡೆಯದೆ ನಿಮಗೆ ಕೊಟ್ಟಿದ್ದೆ. ಅವಧಿ ಮುಗಿದರೂ ನೀವು ಹಿಂದಿರುಗಿಸಿಲ್ಲ. ಇಂಥ ತಾರೀಖಿನ ನಿಮ್ಮ ವಾಟ್ಸ್‌ಆ್ಯಪ್ ಸಂದೇಶದಲ್ಲಿ ವಾಪಸ್ ಕೊಡುವುದಾಗಿ ಒಪ್ಪಿದ್ದೀರಿ. ಈ ಪತ್ರ ತಲುಪಿದ 15 ದಿನಗಳೊಳಗೆ ಮಷೀನನ್ನು ಸುಸ್ಥಿತಿಯಲ್ಲಿ ನನ್ನ ಮನೆಗೆ ತಲುಪಿಸಿ. ತಪ್ಪಿದರೆ ಕಾನೂನು ಸೇವಾ ಪ್ರಾಧಿಕಾರದಲ್ಲೂ ನ್ಯಾಯಾಲಯದಲ್ಲೂ ಕ್ರಮ ಕೈಗೊಳ್ಳುತ್ತೇನೆ."

ಅಷ್ಟೇ. ಬೈಗುಳ ಬೇಡ. "ನಿನ್ನ ಮಾನ ಹರಾಜು ಹಾಕ್ತೀನಿ" ಎಂಬಂಥ ಮಾತಂತೂ ಬೇಡವೇ ಬೇಡ. ಈ ಕಾಗದವನ್ನು ನಾಳೆ ಜಡ್ಜ್ ಓದುತ್ತಾರೆ ಎಂದುಕೊಂಡು ಬರೆಯಿರಿ. ಅಂಚೆ ಕಚೇರಿಗೆ ಹೋಗಿ, ಸಹಿ ಪಡೆದು ಕೊಡುವ ವ್ಯವಸ್ಥೆಯಲ್ಲಿ ಕಳಿಸಿ. 2025ರಲ್ಲಿ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ. ಹಾಗಾಗಿ ಕೌಂಟರಿನಲ್ಲಿ "ನೋಟಿಸ್ ಕಳಿಸಬೇಕು, ಮುಟ್ಟಿದ್ದಕ್ಕೆ ದಾಖಲೆ ಬೇಕು" ಎಂದು ಹೇಳಿ ಕೇಳಿ. ಪತ್ರದ ಜೆರಾಕ್ಸ್, ಅಂಚೆ ರಸೀದಿ, ಟ್ರ್ಯಾಕಿಂಗ್ ಪುಟದ ಪ್ರಿಂಟ್ ಮೂರನ್ನೂ ಒಟ್ಟಿಗೆ ಪಿನ್ ಮಾಡಿ. ಅವರು ಪತ್ರ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಬೇಜಾರಾಗಬೇಡಿ. ಲಕೋಟೆ ಒಡೆಯದೆ ಹಾಗೇ ಇಡಿ. "ನಿರಾಕರಿಸಿದ್ದಾರೆ" ಎಂಬ ಅಂಚೆಯವರ ಷರಾ ನಿಮಗೆ ಅನುಕೂಲವೇ.

ನೀವೇ ಹೋಗಿ ಎತ್ತಿಕೊಂಡು ಬರಬೇಡಿ

ನನ್ನ ತಮ್ಮ, "ಅಕ್ಕಾ, ಟಾಟಾ ಏಸ್ ತಗೊಂಡು ಹೋಗೋಣ, ನಮ್ಮ ವಸ್ತು ನಾವು ತರೋಕೆ ಯಾರಪ್ಪಣೆ ಬೇಕು?" ಅಂದಿದ್ದ. ನನಗೂ ಅನ್ನಿಸಿತ್ತು. ತಡೆದುಕೊಂಡದ್ದು ಒಳ್ಳೆಯದಾಯಿತು. ವಸ್ತು ನಿಮ್ಮದೇ ಇರಬಹುದು. ಅವರ ಅಂಗಡಿಗೆ ನುಗ್ಗುವುದು, ಕೈಯಿಂದ ಕಿತ್ತುಕೊಳ್ಳುವುದು ಅತಿಕ್ರಮ ಪ್ರವೇಶ, ಹಲ್ಲೆ ಎಂದಾಗಬಹುದು. ಆಮೇಲೆ ಆರೋಪಿ ನೀವು, ದೂರುದಾರರು ಅವರು.

ರಿಪೇರಿಗೆ ಕೊಟ್ಟ ವಸ್ತುವಾದರೆ ಇನ್ನೊಂದು ವಿಷಯ ಗಮನಿಸಿ. ನೀವು ರಿಪೇರಿ ಹಣ ಕೊಡಬೇಕಾಗಿದ್ದರೆ, ಅದು ಸಿಗುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ರಿಪೇರಿಯವರಿಗೆ ಇದೆ. ಹಣ ಕೊಡದೆ ಕದ್ದುಮುಚ್ಚಿ ತಂದರೆ ಸ್ವಂತ ವಸ್ತುವಿಗೇ ಕಳ್ಳತನದ ಕೇಸ್ ಬೀಳಬಹುದು. ಮೊದಲು ಆ ಬಾಕಿ ತೀರಿಸಿ, ರಸೀದಿ ತೆಗೆದುಕೊಳ್ಳಿ.

ಪೊಲೀಸ್ ಠಾಣೆ

ಎಲ್ಲರೂ ಮೊದಲು ಓಡುವುದು ಇಲ್ಲಿಗೆ. ಸಾಮಾನ್ಯವಾಗಿ ಸಿಗುವ ಉತ್ತರ, "ಇದು ಸಿವಿಲ್ ಮ್ಯಾಟರ್ರು." ಎಷ್ಟೋ ಸಲ ಆ ಮಾತು ಸರಿಯೂ ಹೌದು. ಕೊಡುವುದು ತಡವಾದ ಮಾತ್ರಕ್ಕೆ ಅಪರಾಧವಾಗುವುದಿಲ್ಲ. ನಂಬಿ ಕೊಟ್ಟ ವಸ್ತುವನ್ನು ಅಪ್ರಾಮಾಣಿಕವಾಗಿ ತನ್ನದು ಮಾಡಿಕೊಂಡರೆ, ಇಲ್ಲವೇ ಮಾರಿಕೊಂಡರೆ, ಆಗ ನಂಬಿಕೆ ದ್ರೋಹವಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅದಕ್ಕೆ 5 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ವಸ್ತುವನ್ನು ಮಾರಿದ್ದಾರೆ ಅಥವಾ ಬಚ್ಚಿಟ್ಟಿದ್ದಾರೆ ಎಂಬುದಕ್ಕೆ ಆಧಾರ ಇದ್ದರೆ ಲಿಖಿತ ದೂರು ಕೊಡಿ, ಸ್ವೀಕೃತಿ ಕೇಳಿ ತೆಗೆದುಕೊಳ್ಳಿ. ಸಿವಿಲ್ ಎಂದು ಬರೆದು ಕಳಿಸಿದರೆ ಆ ಹಿಂಬರಹವನ್ನೂ ಇಟ್ಟುಕೊಳ್ಳಿ. ಬೇಗ ಆಗಲಿ ಎಂದು ಇಲ್ಲದ್ದನ್ನು ಸೇರಿಸಿ ಬರೆಯಬೇಡಿ. ಒಂದು ಸುಳ್ಳು ಸಾಲು ನಿಮ್ಮ ಹತ್ತು ನಿಜದ ಸಾಲುಗಳನ್ನು ಕೆಡಿಸುತ್ತದೆ.

ಕಾನೂನು ಸೇವಾ ಪ್ರಾಧಿಕಾರದಲ್ಲಿ ಏನಾಗುತ್ತದೆ

1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಒಂದು ಪ್ರಾಧಿಕಾರ ಇದೆ, ಜಿಲ್ಲಾ ನ್ಯಾಯಾಧೀಶರೇ ಅದರ ಅಧ್ಯಕ್ಷರು. ಚಿತ್ರದುರ್ಗದಲ್ಲೂ ಹೀಗೆಯೇ. ಹರಿಹರ, ಚನ್ನಗಿರಿ, ಹೊನ್ನಾಳಿ, ಜಗಳೂರು, ಆ ಕಡೆ ಚಳ್ಳಕೆರೆ, ಹಿರಿಯೂರು, ಹೊಸದುರ್ಗದವರು ತಮ್ಮ ತಾಲ್ಲೂಕಿನ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ 15100ಕ್ಕೆ ಫೋನ್ ಮಾಡಿ.

ಹೆಣ್ಣುಮಕ್ಕಳು ಗಮನಿಸಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರ ಸೇವೆ ಪಡೆಯುವ ಹಕ್ಕಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಮಕ್ಕಳು, ಕೈಗಾರಿಕಾ ಕಾರ್ಮಿಕರಿಗೂ ಇದೆ. ಉಳಿದವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಯ ಆದಾಯ ಮಿತಿ ಇದೆ. ನನಗೆ ಇದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಒಂದು ವರ್ಷ ಕಾಯುತ್ತಿರಲಿಲ್ಲ.

ಕೋರ್ಟಿನಲ್ಲಿ ಕೇಸ್ ಹಾಕುವ ಮೊದಲೇ ಇಲ್ಲಿ ಅರ್ಜಿ ಕೊಡಬಹುದು. ಇದನ್ನು ವ್ಯಾಜ್ಯಪೂರ್ವ ಪ್ರಕರಣ ಎನ್ನುತ್ತಾರೆ. ಕೋರ್ಟ್ ಶುಲ್ಕ ಇಲ್ಲ. ಬಿಳಿ ಹಾಳೆಯಲ್ಲಿ ನಿಮ್ಮ ಹೆಸರು ವಿಳಾಸ, ಎದುರಿನವರ ಹೆಸರು ವಿಳಾಸ ಫೋನ್ ನಂಬರ್, ಏನು ಕೊಟ್ಟಿರಿ, ಯಾವಾಗ, ಯಾಕೆ, ಏನು ಬೇಕು ಎಂದು ಒಂದೂವರೆ ಪುಟ ಮೀರದಂತೆ ಬರೆಯಿರಿ. ನೋಟಿಸಿನ ಪ್ರತಿ, ರಸೀದಿ, ಬಿಲ್ಲು, ಫೋಟೊ, ಆಧಾರ್ ಜೆರಾಕ್ಸ್ ಲಗತ್ತಿಸಿ. ಮೂಲ ದಾಖಲೆ ಯಾವುದನ್ನೂ ಕೊಟ್ಟು ಬರಬೇಡಿ, ತೋರಿಸಿ ವಾಪಸ್ ತನ್ನಿ.

ಪ್ರಾಧಿಕಾರದಿಂದ ಎದುರಿನವರಿಗೆ ನೋಟಿಸ್ ಹೋಗುತ್ತದೆ. ಇಲ್ಲಿ ನಿಜ ಹೇಳಬೇಕು: ಬರಲೇಬೇಕೆಂದು ಅವರನ್ನು ಎಳೆದು ತರುವ ವ್ಯವಸ್ಥೆ ಇಲ್ಲ. ಅವರು ಒಪ್ಪದೆ ಲೋಕ ಅದಾಲತ್ ತೀರ್ಪು ಕೊಡುವಂತೆಯೂ ಇಲ್ಲ. ಆದರೆ ಕೋರ್ಟಿನ ಮೊಹರು ಇರುವ ಕಾಗದ ಮನೆಗೆ ಬಂದಾಗ ಬಹಳ ಜನರ ಧಾಟಿ ಬದಲಾಗುತ್ತದೆ. ನಾನು ಹತ್ತಾರು ಸಲ ಮಾಡಿದ ಫೋನಿಗೆ ಬಾರದವಳು ಆ ಒಂದು ಕಾಗದಕ್ಕೆ ಗಂಡನನ್ನು ಕರೆದುಕೊಂಡು ಬಂದಳು.

ಮೇಜಿನ ಆಚೆ ನ್ಯಾಯಾಧೀಶರು, ಒಬ್ಬರು ವಕೀಲರು ಸಂಧಾನಕಾರರಾಗಿ ಕೂತಿದ್ದರು. ಮೊದಲು ನಾನು ಮಾತಾಡಿದೆ. ಕಣ್ಣಲ್ಲಿ ನೀರು ಬಂತು, ಪರವಾಗಿಲ್ಲ ಎಂದು ಅವರೇ ನೀರು ಕೊಟ್ಟರು. ಅವಳು "ಮಾರಿದ್ದು, ಕೈಯಲ್ಲಿ ದುಡ್ಡು ಕೊಟ್ಟಿದ್ದೇನೆ" ಅಂದಳು. ನಾನು ಏನೂ ವಾದ ಮಾಡದೆ ಆ ವಾಟ್ಸ್‌ಆ್ಯಪ್ ಸಾಲು ತೋರಿಸಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳ ಗಂಡನೇ, "ಕೊಟ್ಟುಬಿಡು ಮಾರಾಯ್ತಿ" ಅಂದ. ಆಮೇಲಿನ ಮಾತೆಲ್ಲ ಯಾವ ದಿನ, ಯಾವ ಸ್ಥಿತಿಯಲ್ಲಿ ಎಂಬುದರ ಬಗ್ಗೆ ಮಾತ್ರ. ಮೋಟಾರು ಸುಟ್ಟು ಹೋಗಿ ಅವಳು ಹೊಸ ಮೋಟಾರು ಹಾಕಿಸಿದ್ದಳಂತೆ, ಅದಕ್ಕೆ ಅರ್ಧ ಹಣ ಕೇಳಿದಳು. ನಾನು ಒಪ್ಪಿದೆ. ಕಾನೂನು ಪ್ರಕಾರ ಒಪ್ಪಬೇಕಿರಲಿಲ್ಲವೇನೋ. ಆದರೆ ಆ ಹಣಕ್ಕಾಗಿ ಇನ್ನೂ ಎರಡು ವಾಯಿದೆ ಅಲೆಯುವುದಕ್ಕಿಂತ, ಮರುದಿನದಿಂದ ಮಷೀನು ಓಡಿಸಿದರೆ ಅದು ಬೇಗ ಬರುತ್ತದೆ ಎಂದು ಲೆಕ್ಕ ಹಾಕಿದೆ. ಹೋಗುವ ಮುಂಚೆಯೇ ಎಲ್ಲಿಯವರೆಗೆ ಬಿಟ್ಟುಕೊಡಬಹುದು ಎಂದು ನೀವೂ ಮನಸ್ಸಿನಲ್ಲಿ ಗೆರೆ ಎಳೆದುಕೊಂಡು ಹೋಗಿ.

ರಾಜಿ ಪತ್ರ ಬರೆಯುವಾಗ ಅವಸರ ಮಾಡಬೇಡಿ. "ಮಷೀನು ವಾಪಸ್ ಕೊಡಲು ಒಪ್ಪಿದ್ದಾರೆ" ಎಂದಷ್ಟೇ ಬರೆದರೆ ಸಾಲದು. ಸೀರಿಯಲ್ ನಂಬರ್, ಬಿಡಿಭಾಗಗಳ ಪಟ್ಟಿ, ತಾರೀಖು, ಸಮಯ, ಎಲ್ಲಿ ಒಪ್ಪಿಸಬೇಕು, ಸಾಗಾಟದ ಖರ್ಚು ಯಾರದು, ತಪ್ಪಿದರೆ ಎಷ್ಟು ಹಣ, ಎಲ್ಲವನ್ನೂ ಬರೆಸಿ. ಓದಲು ಬರದವರು ಜೋರಾಗಿ ಓದಿಸಿಕೊಂಡು ಸಹಿ ಮಾಡಿ. ಲೋಕ ಅದಾಲತ್ತಿನ ಅವಾರ್ಡಿಗೆ, ಅಂದರೆ ರಾಜಿಯ ಮೇಲೆ ಕೊಡುವ ತೀರ್ಪಿಗೆ, ಸಿವಿಲ್ ಕೋರ್ಟಿನ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ಆ ಬಲ ಎರಡೂ ಕಡೆಗೆ ಕೆಲಸ ಮಾಡುತ್ತದೆ. ನೀವು ಒಪ್ಪಿ ಸಹಿ ಹಾಕಿದ್ದನ್ನು ನಾಳೆ ಬೇಡ ಎನ್ನಲು ಆಗುವುದಿಲ್ಲ.

ನಮ್ಮ ಭಾಗದಲ್ಲಿ ಹಿರಿಯರ ಪಂಚಾಯ್ತಿ, ಮಠಗಳ ಮುಂದೆ ನ್ಯಾಯ ಕೇಳುವುದು ಹಳೇ ರೂಢಿ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಇವತ್ತಿಗೂ ಜನ ವ್ಯಾಜ್ಯ ತೆಗೆದುಕೊಂಡು ಹೋಗುತ್ತಾರೆ. ಎದುರಿನವರು ಹಿರಿಯರ ಮಾತಿಗೆ ಬೆಲೆ ಕೊಡುವವರಾದರೆ ಆ ದಾರಿಯೂ ಒಳ್ಳೆಯದೇ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಅಲ್ಲಿ ಆದ ಮಾತಿಗೆ ಡಿಕ್ರಿಯ ಬಲ ತಾನಾಗಿ ಬರುವುದಿಲ್ಲ. ಎರಡೂ ಕಡೆಯವರ ಸಹಿ ಇರುವ ಕಾಗದ ಮಾಡಿಸಿಕೊಳ್ಳಿ. ಮಾತುಕತೆ ನಡೆಯುತ್ತಿದೆ ಎಂದು 3 ವರ್ಷದ ಮಿತಿ ಮರೆಯಬೇಡಿ, ಅದು ನಿಮಗಾಗಿ ನಿಲ್ಲುತ್ತದೆ ಎಂದು ನಂಬಿ ಕೂರಬೇಡಿ.

ರಾಜಿ ಆಗದಿದ್ದರೆ ದಾವೆ

ಎದುರಿನವರು ವಾಸ ಮಾಡುವ ಅಥವಾ ದುಡಿಯುವ ಊರಿನ ಕೋರ್ಟು, ಇಲ್ಲವೇ ವಸ್ತು ಕೊಟ್ಟ ವ್ಯವಹಾರ ನಡೆದ ಊರಿನ ಕೋರ್ಟು, ಎರಡರಲ್ಲಿ ಒಂದರಲ್ಲಿ ಹಾಕಬಹುದು. ಕೋರ್ಟ್ ಶುಲ್ಕ ವಸ್ತುವಿನ ಮಾರುಕಟ್ಟೆ ಬೆಲೆಯ ಮೇಲೆ ಬೀಳುತ್ತದೆ. ಸುಮ್ನೆ ಬೆಲೆ ಏರಿಸಿ ಬರೆಯಬೇಡಿ ಎಂದದ್ದು ಇದಕ್ಕೂ ಸೇರಿಸಿಯೇ. ನಿಮ್ಮ ಕೇಸನ್ನು ನೀವೇ ನಡೆಸುವ ಹಕ್ಕಿದೆ. ಆದರೂ ಪಾಟಿ ಸವಾಲಿನ ಹಂತಕ್ಕೆ ವಕೀಲರಿದ್ದರೆ ಒಳ್ಳೆಯದು, ಪ್ರಾಧಿಕಾರದಿಂದಲೇ ಕೇಳಿ ಪಡೆಯಿರಿ.

ದಾವೆಯ ಜೊತೆಗೇ ಕೇಳಬೇಕಾದ ಒಂದು ಮುಖ್ಯ ವಿಷಯ ತಾತ್ಕಾಲಿಕ ತಡೆಯಾಜ್ಞೆ. ವಸ್ತುವನ್ನು ಮಾರಿಬಿಡುತ್ತಾರೆ, ಹಾಳು ಮಾಡುತ್ತಾರೆ ಎಂಬ ಭಯ ಇದ್ದರೆ, ಕೇಸ್ ಮುಗಿಯುವವರೆಗೆ ಮಾರಬೇಡಿ ಎಂದು ಆದೇಶ ಕೇಳಬಹುದು. ವಸ್ತುವನ್ನು ಪರೀಕ್ಷಿಸಲು, ಕಾಪಾಡಿ ಇಡಲು ಆದೇಶ ಕೊಡುವ ಅಧಿಕಾರವೂ ಕೋರ್ಟಿಗೆ ಇದೆ. ಎಷ್ಟೋ ಜನ ಇದನ್ನು ಕೇಳುವುದಿಲ್ಲ. ಡಿಕ್ರಿ ಕೈಗೆ ಬರುವ ಹೊತ್ತಿಗೆ ವಸ್ತು ಗುಜರಿ ಸೇರಿರುತ್ತದೆ.

ಸಮನ್ಸ್ ಮುಟ್ಟಿದ ಮೇಲೆ ಪ್ರತಿವಾದಿ 30 ದಿನದಲ್ಲಿ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟ್ ಇದನ್ನು 90 ದಿನದವರೆಗೆ ವಿಸ್ತರಿಸಬಹುದು. ಬರದೇ ಹೋದರೆ ಏಕಪಕ್ಷೀಯವಾಗಿ ನಡೆಯುತ್ತದೆ, ಆಗಲೂ ನಿಮ್ಮ ಸಾಕ್ಷ್ಯ ನೀವು ಕೊಡಲೇಬೇಕು. ನಿಮ್ಮ ಕೇಸಿನ 16 ಅಕ್ಷರಗಳ ಸಿಎನ್ಆರ್ ನಂಬರ್ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ತಿಳಿಯುತ್ತದೆ. ಜಗಳೂರಿನಿಂದ ಬಸ್ ಹತ್ತಿ ಬಂದು, "ಇವತ್ತು ಇಲ್ಲ" ಎನ್ನಿಸಿಕೊಂಡು ಹೋಗುವುದು ತಪ್ಪುತ್ತದೆ.

ಡಿಕ್ರಿ ಆದ ಮೇಲೂ ಕೊಡದವರಿದ್ದಾರೆ. ಆಗ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಕೇಳುವ ಅಮಲ್ಜಾರಿ ಅರ್ಜಿ ಹಾಕಬೇಕು. ವಸ್ತುವನ್ನೇ ವಶಪಡಿಸಿಕೊಂಡು ನಿಮಗೆ ಒಪ್ಪಿಸಲು, ಅವರ ಬೇರೆ ಆಸ್ತಿ ಜಪ್ತಿ ಮಾಡಲು, ಸಿವಿಲ್ ಜೈಲಿಗೆ ಕಳಿಸಲು ಕೂಡ ಕಾನೂನಿನಲ್ಲಿ ಅವಕಾಶ ಇದೆ. ಡಿಕ್ರಿ ಅಮಲಿಗೆ 12 ವರ್ಷದವರೆಗೆ ಸಮಯ ಇದೆ. ಆದರೆ ಮಷೀನಿಗೆ ಅಷ್ಟು ಆಯುಷ್ಯ ಇರುವುದಿಲ್ಲ, ತಕ್ಷಣ ಹಾಕಿ.

ಈ ದಾರಿಗಿಂತ ಹತ್ತಿರದ ದಾರಿ ಇರುವವರು

ವಸ್ತು ಇಟ್ಟುಕೊಂಡವರು ರಿಪೇರಿ ಅಂಗಡಿಯವರು, ಡ್ರೈಕ್ಲೀನಿಂಗ್‌ನವರು, ಸಾಗಾಟದವರು ಹೀಗೆ ಹಣ ಪಡೆದು ಸೇವೆ ಕೊಡುವವರಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಿ. 2 ವರ್ಷದೊಳಗೆ ದೂರು ಕೊಡಬೇಕು. ನೀವು ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ನೀವು ವಾಸಿಸುವ ಊರಿನಲ್ಲೇ ದೂರು ಹಾಕಬಹುದು. ಸಹಾಯವಾಣಿ 1915.

ಗಂಡನ ಮನೆಯಲ್ಲಿ ಉಳಿದ ಒಡವೆ, ಪಾತ್ರೆ, ತವರಿನಿಂದ ಬಂದ ವಸ್ತುಗಳು ಸ್ತ್ರೀಧನ. ಅದು ಹೆಂಡತಿಯ ಸ್ವಂತದ್ದು, ಗಂಡನ ಮನೆಯವರು ನಂಬಿಕೆಯ ಮೇಲೆ ಇಟ್ಟುಕೊಂಡವರಷ್ಟೇ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಮನೆಯಲ್ಲಿ ಹಿಂಸೆ ಅನುಭವಿಸಿ ಹೊರಬಂದವರು ಇದಕ್ಕಾಗಿ ಬೇರೆ ಸಿವಿಲ್ ದಾವೆ ಹಾಕಿ ವರ್ಷಗಟ್ಟಲೆ ಕಾಯಬೇಕಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರೇ ಅದನ್ನು ವಾಪಸ್ ಕೊಡಿಸಬಹುದು. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಕಾಣಿ, ಇಲ್ಲವೇ 181ಕ್ಕೆ ಫೋನ್ ಮಾಡಿ. ತಂಗಿಯರೇ, ಮದುವೆಯ ಫೋಟೊ ಆಲ್ಬಂ ಜೋಪಾನ. ಯಾವ ಒಡವೆ ನಿಮ್ಮ ಮೈಮೇಲಿತ್ತು ಎಂಬುದಕ್ಕೆ ಅದೇ ದೊಡ್ಡ ಸಾಕ್ಷಿ.

ಹಸು ಎಮ್ಮೆ ಸಾಕಲು ಕೊಟ್ಟವರೂ ಕೇಳಿದ್ದರು. ಬೇರೆ ಮಾತಾಗಿಲ್ಲದಿದ್ದರೆ, ಹಸುವಿನ ಜೊತೆ ಅಲ್ಲಿ ಹುಟ್ಟಿದ ಕರುವೂ ನಿಮಗೆ ಸೇರುತ್ತದೆ. ಕರಾರು ಕಾಯ್ದೆಯ 163ನೇ ಕಲಂನಲ್ಲಿ ಕೊಟ್ಟಿರುವ ಉದಾಹರಣೆಯೇ ಹಸು ಮತ್ತು ಕರು. ನಮ್ಮಲ್ಲಿ ಮೇಯಿಸಿ ಸಾಕಿದವರಿಗೆ ಕರುವಿನಲ್ಲಿ ಪಾಲು ಎಂಬ ಮಾತು ಮೊದಲೇ ಆಗಿರುವುದುಂಟು. ಆಗಿದ್ದರೆ ಆ ಮಾತೇ ನಡೆಯುತ್ತದೆ.

ವಸ್ತು ಕೈಗೆ ಬರುವ ದಿನ

ಒಬ್ಬರೇ ಹೋಗಬೇಡಿ. ಹಗಲು ಹೊತ್ತಿನಲ್ಲಿ, ಇಬ್ಬರು ಸಾಕ್ಷಿಗಳ ಮುಂದೆ ತೆಗೆದುಕೊಳ್ಳಿ. ಅವರು ಮೊದಲು "ಮುಟ್ಟಿತು" ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ನನ್ನ ವಿಷಯದಲ್ಲೂ ಕೇಳಿದರು. ನಾನು ಪ್ಲಗ್ ಹಾಕಿಸಿ, ನಾಲ್ಕು ಎಳೆ ದಾರ ಪೋಣಿಸಿ, ಬ್ಯಾಗಿನಲ್ಲಿ ತಂದಿದ್ದ ಬ್ಲೌಸ್ ಪೀಸಿನ ಅಂಚು ಉದ್ದಕ್ಕೂ ಓಡಿಸಿ ನೋಡಿದೆ. ಒಂದು ಪ್ರೆಷರ್ ಫೂಟ್ ಬದಲಾಗಿತ್ತು, ಅದನ್ನು ಕಾಗದದಲ್ಲಿ ಬರೆದೆ. ಮೇಜು ಸ್ವಲ್ಪ ಓರೆ ಮಾಡಿ ಕೆಳಗೆ ನೋಡಿದೆ. ಮಗಳ ಹೂವು ಹಾಗೇ ಇತ್ತು. ಆಮೇಲೆ ಸಹಿ ಹಾಕಿದೆ.